ಶ್ವಾಸಕೋಶದ ಚುಕ್ಕೆಗೆ ಒಂದು ವಾಯಿದೆ

ಬೆಳಗಾವಿ ಜಿಲ್ಲೆಯ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತುವ ರೋಗಿಗಳಿಗೆ ಎರಡು ದಿಕ್ಕುಗಳು. ಒಂದು ಬೆಳಗಾವಿ, ಇನ್ನೊಂದು ಮಿರಜ. ಧುಪದಾಳ, ಮಲ್ಲಾಪುರ ಪಿ.ಜಿ., ಅತ್ತ ಹುಕ್ಕೇರಿ, ಇತ್ತ ಮೂಡಲಗಿ ಕಡೆಯವರು ದೊಡ್ಡ ಬೇನೆ ಬಂತೆಂದರೆ ಈ ಎರಡರಲ್ಲಿ ಒಂದು ಹಾದಿ ಹಿಡಿಯುವುದು ಇಂದು ನಿನ್ನೆಯ ರೂಢಿಯಲ್ಲ. ಮಿರಜದ ವಾನ್ಲೆಸ್ ಆಸ್ಪತ್ರೆ ಶುರುವಾದದ್ದೇ 1894ರಲ್ಲಿ. ಮರಳಿ ಬರುವಾಗ ಕೈಯಲ್ಲಿ ದೊಡ್ಡ ಲಕೋಟೆ, ಅದರೊಳಗೆ ಕಪ್ಪು ಫಿಲ್ಮು, ಜತೆಗೆ ಎರಡು ಪುಟದ ಇಂಗ್ಲಿಷ್ ರಿಪೋರ್ಟು. ಸಿ.ಟಿ. ಸ್ಕ್ಯಾನ್ ಹೆಚ್ಚಿದ ಹಾಗೆಲ್ಲ ಆ ರಿಪೋರ್ಟಿನ ಕೊನೆಯಲ್ಲಿ ಇಂಥದೊಂದು ಸಾಲು ಕಾಣುವುದೂ ಹೆಚ್ಚಿದೆ: ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ. ನೋಡ್ಯೂಲ್, ಫಾಲೋಅಪ್ ಅಗತ್ಯ.

ರೋಗಿ ಹೋದದ್ದು ಬೇರೆ ಯಾವುದಕ್ಕೋ. ಬೈಕಿನಿಂದ ಬಿದ್ದು ಪಕ್ಕೆಲುಬಿಗೆ ಏಟಾಗಿತ್ತು, ಅಥವಾ ಹೊಟ್ಟೆಯ ಸ್ಕ್ಯಾನ್ ಮಾಡುವಾಗ ಶ್ವಾಸಕೋಶದ ಕೆಳತುದಿಯೂ ಚಿತ್ರದಲ್ಲಿ ಸೇರಿಕೊಂಡಿತ್ತು. ಚುಕ್ಕೆ ನೋಯುವುದಿಲ್ಲ, ಕೆಮ್ಮಿಸುವುದೂ ಇಲ್ಲ. ಶ್ವಾಸಕೋಶದ ಒಳಮಾಂಸಕ್ಕೆ ನೋವು ತಿಳಿಸುವ ನರಗಳಿಲ್ಲ. ಹಾಗಾಗಿ ರಿಪೋರ್ಟು ಓದುವವರೆಗೆ ಸುದ್ದಿಯೇ ಇರುವುದಿಲ್ಲ. ಓದಿದ ಮೇಲೆ ಮನೆತುಂಬ ಒಂದೇ ಮಾತು: “ಪುಪ್ಪಸದಾಗ ಗಡ್ಡಿ ಐತಂತ.”

ಅಲ್ಲಿಂದ ಮುಂದೆ ಮೂರು ದಾರಿಗಳು ಒಡೆಯುತ್ತವೆ. ಕೆಲವರು ಹೊಲದ ಮೇಲೆ ಸಾಲ ತೆಗೆದು ಪುಣೆಗೋ ಬೆಂಗಳೂರಿಗೋ ಓಡುತ್ತಾರೆ. ಕೆಲವರಿಗೆ ಹತ್ತಿರದ ದವಾಖಾನೆಯಲ್ಲಿ “ಟಿ.ಬಿ. ಇರಬಹುದು, ಕೋರ್ಸು ಶುರು ಮಾಡೋಣ” ಎಂಬ ಸಲಹೆ ಸಿಗುತ್ತದೆ. ಇನ್ನು ಕೆಲವರು ಲಕೋಟೆಯನ್ನು ಟ್ರಂಕಿನ ತಳಕ್ಕೆ ಹಾಕಿ ಕಬ್ಬು ಕಡಿಸಲು ಹೋಗುತ್ತಾರೆ. ಮೂರೂ ತಪ್ಪಬಹುದು. ಈ ಭಾಗದಲ್ಲಿ ಎಲ್ಲಕ್ಕಿಂತ ದುಬಾರಿಯಾಗುವುದು ಎರಡನೆಯದು. ಅದೇ ಈ ಬರಹದ ಮುಖ್ಯ ಮಾತು.

ಎರಡನೆಯ ದಾರಿ ಅಷ್ಟು ಸಲೀಸಾಗಿ ತೆರೆದುಕೊಳ್ಳುವುದಕ್ಕೆ ಕಾರಣ ಹಳೆಯದು. 1929ರಲ್ಲಿ ಡಾ. ಕೊಕಟನೂರರು ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮ ಆರಂಭಿಸಿದಾಗ, ಹಿಂದುಸ್ತಾನಿ ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರರು ಆ ಸಂಸ್ಥೆಯೊಂದಿಗೆ ಕೈಜೋಡಿಸಿದಾಗ, ಎದೆರೋಗವೆಂದರೆ ದೇಶದ ಎಲ್ಲ ವೈದ್ಯರ ಮನಸ್ಸಿಗೂ ಮೊದಲು ಬರುತ್ತಿದ್ದುದು ಕ್ಷಯ. ಬೀಳುವ ಕಫ, ಸಂಜೆಯ ಜ್ವರ, ಎಕ್ಸರೇಯಲ್ಲಿ ಬಿಳಿ ಕಲೆ, ಇಷ್ಟಿದ್ದರೆ ಹೆಸರು ಸಿದ್ಧ. ಆಗ ಅದು ಬಹುಪಾಲು ಸರಿಯೂ ಆಗಿತ್ತು. ಇವತ್ತಿಗೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಮಂದಿ ಭಾರತದವರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯ ಪ್ರಕಾರ, 15 ವರ್ಷ ದಾಟಿದವರಲ್ಲಿ ಹತ್ತಕ್ಕೆ ಸುಮಾರು ಮೂವರ ಮೈಯೊಳಗೆ ಕ್ಷಯದ ಸೋಂಕು ನಿದ್ದೆಯಲ್ಲಿದೆ. ಅವರಲ್ಲಿ ಬಹಳ ಜನ ಜೀವಮಾನದಲ್ಲಿ ಕಾಯಿಲೆ ಬೀಳುವುದೇ ಇಲ್ಲ. ಆದರೆ ದೇಹ ಆ ಸೋಂಕನ್ನು ಸುತ್ತುಗಟ್ಟಿ ಹಿಡಿದಿಟ್ಟ ಜಾಗ ಶ್ವಾಸಕೋಶದಲ್ಲಿ ಚಿಕ್ಕ ಗಂಟಾಗಿ ಉಳಿದುಬಿಡಬಹುದು. ವೈದ್ಯರು ಅದಕ್ಕೆ ಗ್ರ್ಯಾನುಲೋಮಾ ಎನ್ನುತ್ತಾರೆ. ನಲವತ್ತು ವರ್ಷಗಳ ಹಿಂದಿನ ಆ ಗುರುತನ್ನು ಇಂದಿನ ಸಿ.ಟಿ. ಯಂತ್ರ ಮಿಲಿಮೀಟರು ಲೆಕ್ಕದಲ್ಲಿ ತೋರಿಸುತ್ತದೆ.

ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸಿ.ಟಿ. ತೆಗೆದದ್ದು 1971ರಲ್ಲಿ. ಎಕ್ಸರೇಯಲ್ಲಿ ಪಕ್ಕೆಲುಬು, ಹೃದಯ, ರಕ್ತನಾಳ ಎಲ್ಲವೂ ಒಂದರ ಮೇಲೊಂದು ಬೀಳುವುದರಿಂದ ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂಟು ಬಹಳ ಸಲ ಮರೆಯಾಗುತ್ತದೆ. ಸಿ.ಟಿ. ಎದೆಯನ್ನು ಒಂದೊಂದು ಮಿಲಿಮೀಟರಿನ ಪದರಗಳಾಗಿ ಬಿಡಿಸುತ್ತದೆ. ಜೋಳದ ಕಾಳಿನಷ್ಟು ಚಿಕ್ಕದೂ ಕಾಣುತ್ತದೆ, ಕಡಲೆಕಾಳಿನಷ್ಟು ದೊಡ್ಡದೂ ಕಾಣುತ್ತದೆ. ಕಾಳಿನ ಈ ಅಳತೆಯಲ್ಲೇ ಮುಂದಿನ ನಿರ್ಧಾರದ ಅರ್ಧ ಭಾಗ ಅಡಗಿದೆ.

ಮೂರು ಸೆಂಟಿಮೀಟರಿನವರೆಗಿನ ದುಂಡನೆಯ ಗಂಟಿಗೆ ನೋಡ್ಯೂಲ್ ಎಂದು ಹೆಸರು. ಅದನ್ನು ಮೀರಿದರೆ ಮಾಸ್ ಎನ್ನುತ್ತಾರೆ. ಆಗ ಕ್ಯಾನ್ಸರಿನ ಅನುಮಾನ ಬಲವಾಗುತ್ತದೆ, ಕಾಯುವ ಪ್ರಶ್ನೆ ಇರುವುದಿಲ್ಲ. ನೋಡ್ಯೂಲ್‌ಗಳ ವಿಷಯದಲ್ಲಿ ಜಗತ್ತಿನ ಹೆಚ್ಚಿನ ರೇಡಿಯಾಲಜಿಸ್ಟರು ಅನುಸರಿಸುವುದು ಎದೆಯ ಚಿತ್ರಪರೀಕ್ಷೆಯ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿ 2017ರಲ್ಲಿ ಪ್ರಕಟಿಸಿದ ಸೂಚಿ. 35 ವರ್ಷ ದಾಟಿದ, ಹಿಂದೆ ಕ್ಯಾನ್ಸರ್ ಆಗಿರದ, ರೋಗನಿರೋಧಕ ಶಕ್ತಿ ಕುಗ್ಗಿರದ ವ್ಯಕ್ತಿಯಲ್ಲಿ ಅಕಸ್ಮಾತ್ತಾಗಿ ಕಂಡ ಗಂಟಿಗೆ ಅದು ಅನ್ವಯ. ಗಟ್ಟಿ ಗಂಟು 6 ಮಿ.ಮೀ.ಗಿಂತ ಚಿಕ್ಕದಿದ್ದರೆ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಧೂಮಪಾನದಂಥ ಅಪಾಯವಿಲ್ಲದವರಿಗೆ ಮತ್ತೊಂದು ಸ್ಕ್ಯಾನಿನ ಅಗತ್ಯವೇ ಇಲ್ಲ, ಅಪಾಯ ಇರುವವರು ವರ್ಷದ ಬಳಿಕ ಒಮ್ಮೆ ನೋಡಿಸಬಹುದು. 6ರಿಂದ 8 ಮಿ.ಮೀ. ಇದ್ದರೆ 6ರಿಂದ 12 ತಿಂಗಳೊಳಗೆ ಮತ್ತೊಂದು ಸಿ.ಟಿ. 8 ಮಿ.ಮೀ. ದಾಟಿದರೆ ಮೂರು ತಿಂಗಳಿಗೆ ಸಿ.ಟಿ., ಇಲ್ಲವೆ ಪೆಟ್ ಸ್ಕ್ಯಾನ್, ಇಲ್ಲವೆ ಸೂಜಿ ಪರೀಕ್ಷೆ. ಮಂಜು ಕವಿದಂತೆ ಕಾಣುವ, ಗ್ರೌಂಡ್ ಗ್ಲಾಸ್ ಎಂದು ರಿಪೋರ್ಟಿನಲ್ಲಿ ಬರೆಯುವ ಗಂಟು ಬೇರೆ ಜಾತಿಯದು. ಅದು ಕ್ಯಾನ್ಸರ್ ಆಗಿದ್ದರೂ ಬಹಳ ನಿಧಾನ ಬೆಳೆಯುತ್ತದೆ. ಆದ್ದರಿಂದ ಅದು 6 ಮಿ.ಮೀ. ಅಥವಾ ಹೆಚ್ಚಿದ್ದರೆ ಅದರ ಮೇಲೆ ಐದು ವರ್ಷ ಕಣ್ಣಿಡಬೇಕು.

ಹಾಗಾದರೆ ಬರಿದೆ ಕಾಯುವುದೇ ಚಿಕಿತ್ಸೆಯೇ? ಮನೆಯವರಿಗೆ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಇಲ್ಲಿಯೇ. “ಗಡ್ಡಿ ಐತಿ ಅಂತೀರಿ, ಮತ್ತ ಆರ್ ತಿಂಗಳ ಬಿಟ್ ಬರ್ರಿ ಅಂತೀರಿ” ಎಂದು ವೈದ್ಯರ ಮೇಲೆ ಸಿಟ್ಟಾಗುವವರಿದ್ದಾರೆ. ಆ ಸಿಟ್ಟಿಗೆ ಉತ್ತರ ಬೆಳವಣಿಗೆಯ ಗಣಿತದಲ್ಲಿದೆ. ಶ್ವಾಸಕೋಶದ ಗಟ್ಟಿ ಕ್ಯಾನ್ಸರ್ ಸಾಮಾನ್ಯವಾಗಿ 100ರಿಂದ 400 ದಿನಗಳಲ್ಲಿ ಗಾತ್ರದಲ್ಲಿ ಇಮ್ಮಡಿಯಾಗುತ್ತದೆ. ಗಾತ್ರ ಇಮ್ಮಡಿಯಾಯಿತೆಂದರೆ ಅಡ್ಡಳತೆ ಇಮ್ಮಡಿಯಾಗುವುದಿಲ್ಲ, ಸುಮಾರು ಕಾಲು ಪಾಲು ಮಾತ್ರ ಹೆಚ್ಚುತ್ತದೆ. 8 ಮಿ.ಮೀ. ಇದ್ದದ್ದು 10 ಆಗುತ್ತದೆ, ಅಷ್ಟೆ. ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಆ ವ್ಯತ್ಯಾಸ ಅಳತೆಯ ಎಡವಟ್ಟಿನಲ್ಲೇ ಮುಚ್ಚಿಹೋಗುತ್ತದೆ. ತಿಂಗಳುಗಳು ಕಳೆದರೆ ಗಂಟು ತಾನೇ ತನ್ನ ಗುಣ ಹೇಳುತ್ತದೆ. ಸೋಂಕಿನದಾದರೆ ಕೆಲವು ವಾರಗಳಲ್ಲಿ ಉಬ್ಬಬಹುದು ಅಥವಾ ಕರಗಬಹುದು. ಎರಡು ವರ್ಷ ಇದ್ದಂತೆಯೇ ಇದ್ದ ಗಟ್ಟಿ ಗಂಟು ಹೆಚ್ಚೂಕಡಿಮೆ ನಿರಪಾಯಕಾರಿ.

ಗಂಟಿನ ರೂಪವೂ ಮಾತಾಡುತ್ತದೆ. ಅಂಚು ನುಣ್ಣಗಿದ್ದು ಒಳಗೆ ನಡುವಿನಲ್ಲೋ ಪೂರ್ತಿಯಾಗಿಯೋ ಸುಣ್ಣ ಕಟ್ಟಿದ್ದರೆ ಅದು ಬಹುತೇಕ ಹಳೆಯ ಸೋಂಕಿನ ಗುರುತು. ಅಂಚಿನಿಂದ ಮುಳ್ಳುಗಳಂತೆ ಎಳೆಗಳು ಹೊರಟಿದ್ದರೆ, ಮೇಲ್ಭಾಗದಲ್ಲಿದ್ದರೆ, ರೋಗಿಗೆ ವಯಸ್ಸಾಗಿದ್ದರೆ, ಬೀಡಿ ಸೇದಿದ ವರ್ಷಗಳು ಹೆಚ್ಚಿದ್ದರೆ ಅನುಮಾನ ಏರುತ್ತದೆ. ತೊಂದರೆಯೆಂದರೆ ಕ್ಷಯವೂ ಮೇಲ್ಭಾಗವನ್ನೇ ಇಷ್ಟಪಡುತ್ತದೆ, ಕ್ಷಯದ ಗಾಯ ಮಾಗಿದ ಜಾಗವೂ ಮುಳ್ಳುಮುಳ್ಳಾಗಿ ಕಾಣಬಹುದು. ಕಲ್ಲಿನ ಕ್ವಾರಿ, ಕ್ರಷರುಗಳಲ್ಲಿ ದುಡಿದವರ ಶ್ವಾಸಕೋಶದಲ್ಲಿ ಸಿಲಿಕಾ ಧೂಳು ಮಾಡುವ ಚಿಕ್ಕ ಗಂಟುಗಳೂ ಬಹುಪಾಲು ಮೇಲ್ಭಾಗದವೇ. ಹಾಗಾಗಿ ವೈದ್ಯರು “ಏನು ಕೆಲಸ ಮಾಡುತ್ತಿದ್ದಿರಿ” ಎಂದು ಕೇಳಿದರೆ ಈಗಿನ ಕೆಲಸವನ್ನಷ್ಟೇ ಹೇಳಿ ಸುಮ್ಮನಾಗಬಾರದು. ಇಪ್ಪತ್ತು ವರ್ಷದ ಹಿಂದಿನದನ್ನೂ ಹೇಳಬೇಕು.

ಪಶ್ಚಿಮದ ಸೂಚಿಗಳು ನಮ್ಮಲ್ಲಿ ಎಡವುವುದೂ ಇದೇ ತಾಣದಲ್ಲಿ. ಅಮೆರಿಕದಲ್ಲಿ 8 ಮಿ.ಮೀ. ಮೀರಿದ ಗಂಟಿಗೆ ಪೆಟ್ ಸ್ಕ್ಯಾನ್ ಮಾಡಿದರೆ, ಅದು ಹೊಳೆದರೆ, ಕ್ಯಾನ್ಸರಿನ ಶಂಕೆ ಬಲವಾಗುತ್ತದೆ. ಪೆಟ್ ಯಂತ್ರ ನೋಡುವುದು ಸಕ್ಕರೆಯನ್ನು ಯಾವ ಜೀವಕೋಶ ಹೆಚ್ಚು ಹೀರುತ್ತಿದೆ ಎಂಬುದನ್ನು. ಕ್ಯಾನ್ಸರ್ ಹೀರುತ್ತದೆ, ಸರಿ. ಜೀವಂತ ಕ್ಷಯದ ಗಂಟೂ ಅಷ್ಟೇ ಹಸಿವಿನಿಂದ ಹೀರುತ್ತದೆ. ಕೆಲವು ನಿಧಾನದ ಕ್ಯಾನ್ಸರ್‌ಗಳು ಹೀರುವುದೇ ಇಲ್ಲ. ಏಷ್ಯಾದ ತಜ್ಞರ ಗುಂಪೊಂದು 2016ರಲ್ಲಿ ‘ಚೆಸ್ಟ್’ ವೈದ್ಯಪತ್ರಿಕೆಯಲ್ಲಿ ಈ ಖಂಡಕ್ಕೆಂದೇ ಬೇರೆ ಸಲಹೆಗಳನ್ನು ಪ್ರಕಟಿಸಿತು. ಕ್ಷಯ ಹೆಚ್ಚಿರುವ ದೇಶಗಳಲ್ಲಿ ಪೆಟ್ ಸ್ಕ್ಯಾನನ್ನು ಅಷ್ಟಾಗಿ ನೆಚ್ಚಬೇಡಿ, ಹೆಚ್ಚು ಕಾಲ ಕಣ್ಣಿಡಿ, ಆಪರೇಷನ್ನಿಗೆ ಮೊದಲು ಸೂಜಿಯಿಂದ ಚೂರು ತೆಗೆದು ನೋಡಿ ಎಂಬುದು ಅದರ ತಿರುಳು. ದುಬಾರಿ ಪೆಟ್ ಸ್ಕ್ಯಾನಿಗೆ ದುಡ್ಡು ಹೊಂದಿಸಲು ದನ ಮಾರಲು ಹೊರಟ ಮನೆಯವರು ವೈದ್ಯರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ: ಪೆಟ್ ಹೊಳೆದರೂ ಹೊಳೆಯದಿದ್ದರೂ ಸೂಜಿ ಪರೀಕ್ಷೆ ಮಾಡಲೇಬೇಕೆಂದಿದ್ದರೆ, ಅದನ್ನೇ ಮೊದಲು ಮಾಡಬಾರದೇಕೆ?

ಈಗ ಆ ಎರಡನೆಯ ದಾರಿಗೆ ಬರೋಣ. ಕಫದಲ್ಲಿ ಕ್ರಿಮಿ ಸಿಗಲಿಲ್ಲ, ಆದರೂ ಕಲೆ ಇದೆ, ಸಂಜೆ ಮೈ ಬೆಚ್ಚಗಾಗುತ್ತದೆ, ತೂಕ ಇಳಿದಿದೆ. ಟಿ.ಬಿ. ಇದ್ದೀತೆಂಬ ಊಹೆಯ ಮೇಲೆ ಆರು ತಿಂಗಳ ಗುಳಿಗೆ ಶುರುವಾಗುತ್ತದೆ. ಮೂತ್ರ ಕೆಂಪಾಗುತ್ತದೆ, ಅದು ರಿಫಾಂಪಿಸಿನ್‌ನ ಬಣ್ಣ. ಔಷಧ ಕೆಲಸ ಮಾಡುತ್ತಿದೆ ಎಂದು ಮನೆಯವರಿಗೆ ಸಮಾಧಾನ. ಎರಡು ತಿಂಗಳಿಗೆ ತೂಕ ಇನ್ನೂ ಇಳಿದರೆ “ಗುಳಿಗಿ ಗರಮ್ ಅದಾವ” ಎಂಬ ವಿವರಣೆ. ಆರು ತಿಂಗಳು ಮುಗಿದ ಮೇಲೆ ಮತ್ತೊಂದು ಸ್ಕ್ಯಾನ್ ಮಾಡಿಸಿದಾಗ 12 ಮಿ.ಮೀ. ಇದ್ದದ್ದು 18 ಮಿ.ಮೀ. ಆಗಿರಬಹುದು. ಶ್ವಾಸಕೋಶದ ಕ್ಯಾನ್ಸರಿಗೆ ಮೊದಲು ಕ್ಷಯದ ಔಷಧ ನುಂಗಿ ತಿಂಗಳುಗಟ್ಟಲೆ ಕಳೆದುಕೊಂಡವರ ಕತೆ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ವೈದ್ಯಲೇಖನಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಆ ತಿಂಗಳುಗಳ ಬೆಲೆ ಎಷ್ಟು? ಶ್ವಾಸಕೋಶ ಕ್ಯಾನ್ಸರಿನ ಅಂತರರಾಷ್ಟ್ರೀಯ ಹಂತ-ವಿಂಗಡಣೆಯ ಎಂಟನೆಯ ಆವೃತ್ತಿಯ ಲೆಕ್ಕ ನೋಡಿ. ಒಂದು ಸೆಂಟಿಮೀಟರಿನೊಳಗೆ, ಎಲ್ಲಿಯೂ ಹರಡದೆ ಸಿಕ್ಕವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 92. ನಾಲ್ಕನೆಯ ಹಂತದ ಮೊದಲ ಮೆಟ್ಟಿಲಿಗೆ ಬಂದವರಲ್ಲಿ ಹತ್ತು. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 81 ಸಾವಿರ ಹೊಸ ಶ್ವಾಸಕೋಶ ಕ್ಯಾನ್ಸರ್ ಪ್ರಕರಣಗಳಿದ್ದವೆಂದು ಜಾಗತಿಕ ಕ್ಯಾನ್ಸರ್ ಅಂಕಿಅಂಶ ಸಂಗ್ರಹವಾದ ಗ್ಲೋಬೋಕ್ಯಾನ್‌ನ ಅಂದಾಜು. ಅವರಲ್ಲಿ ಬಹುಪಾಲು ಮಂದಿ ಆಸ್ಪತ್ರೆಗೆ ಬಂದದ್ದು ಮೂರನೆಯ, ನಾಲ್ಕನೆಯ ಹಂತದಲ್ಲಿ.

ಇದರರ್ಥ ಟಿ.ಬಿ. ಔಷಧ ಬೇಡವೆಂದಲ್ಲ. ಕ್ಷಯ ಸಾಬೀತಾದರೆ ಒಂದು ದಿನವೂ ತಡಮಾಡದೆ ಶುರು ಮಾಡಬೇಕು, ನಡುವೆ ಬಿಡಬಾರದು. ಪುರಾವೆಯಿಲ್ಲದೆ ಶುರು ಮಾಡುವುದಕ್ಕಷ್ಟೇ ಇಲ್ಲಿ ಆಕ್ಷೇಪ. ಪುರಾವೆ ಹುಡುಕಲು ಈಗ ದಾರಿಯಿದೆ. ಸಿಬಿನಾಟ್, ಟ್ರೂನಾಟ್ ಯಂತ್ರಗಳು ಕಫದಲ್ಲಿನ ಕ್ಷಯಕ್ರಿಮಿಯ ವಂಶವಾಹಿಯನ್ನೇ ಹುಡುಕಿ ಕೆಲವೇ ಗಂಟೆಗಳಲ್ಲಿ ಉತ್ತರ ಹೇಳುತ್ತವೆ. ಸರ್ಕಾರಿ ವ್ಯವಸ್ಥೆಯಲ್ಲಿ ಈ ಪರೀಕ್ಷೆ ಉಚಿತ. ಆದರೆ ಒಂಟಿ ಚಿಕ್ಕ ಗಂಟು ಶ್ವಾಸನಾಳಕ್ಕೆ ತೆರೆದುಕೊಂಡಿರದಿದ್ದರೆ ಕ್ರಿಮಿ ಕಫಕ್ಕೆ ಬರುವುದಿಲ್ಲ. ತೋಳಿಗೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಹಳೆಯ ಸೋಂಕಿದ್ದರೂ ಉಬ್ಬುತ್ತದೆ. ಉಬ್ಬಿದ ಮಾತ್ರಕ್ಕೆ ಈ ಗಂಟು ಕ್ಷಯವೇ ಎನ್ನಲಾಗದು. ಅಲ್ಲಿಗೆ ಉಳಿಯುವುದು ಸೂಜಿ.

ಸೂಜಿಯ ಹೆಸರು ಕೇಳಿದರೆ ಹಳ್ಳಿಯಲ್ಲಷ್ಟೇ ಅಲ್ಲ, ಶಹರದಲ್ಲೂ ಬರುವ ಮಾತು ಒಂದೇ: “ಚುಚ್ಚಿಸಬ್ಯಾಡ್ರಿ, ಹಬ್ಬತೈತಿ.” ಈ ಭಯದಿಂದ ಜೀವ ಕಳೆದುಕೊಂಡವರಿಗೆ ಲೆಕ್ಕವಿಲ್ಲ. ಸೂಜಿ ಹಾದ ದಾರಿಯಲ್ಲಿ ಕ್ಯಾನ್ಸರ್ ನಾಟಿಕೊಳ್ಳುವುದು ಅತಿ ಅಪರೂಪ. ನಿಜವಾಗಿ ಆಗುವ ತೊಂದರೆ ಬೇರೆ. ಶ್ವಾಸಕೋಶದ ಹೊರಗೆ ಗಾಳಿ ಸೋರಿ ತುಂಬಿಕೊಳ್ಳುತ್ತದೆ. ಅಮೆರಿಕದಲ್ಲಿ ಇಂಥ 15,000ಕ್ಕೂ ಹೆಚ್ಚು ಸೂಜಿ ಪರೀಕ್ಷೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 15 ಮಂದಿಗೆ ಹೀಗಾಗಿತ್ತು, ಸುಮಾರು ಏಳು ಮಂದಿಗೆ ಎದೆಗೆ ನಳಿಕೆ ಹಾಕಬೇಕಾಯಿತು. ಬಹುತೇಕರಿಗೆ ಇದು ಕೆಲವು ದಿನಗಳಲ್ಲಿ ಸರಿಹೋಗುವ ತೊಂದರೆ. ಆದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮನೆಯವರಿಗೆ ಇದು ತಿಳಿದಿರಬೇಕು.

ಇದರ ಜತೆಗೆ ಯಾರೂ ಹೇಳದ ಒಂದು ಸಣ್ಣ ಸಂಗತಿಯಿದೆ. ತೆಗೆದ ಚೂರನ್ನು ಕ್ಯಾನ್ಸರ್ ಪರೀಕ್ಷೆಗೆ ಕಳಿಸುವಾಗ ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಫಾರ್ಮಲಿನ್ ಕ್ಷಯಕ್ರಿಮಿಯನ್ನು ಕೊಲ್ಲುತ್ತದೆ, ಆಮೇಲೆ ಅದನ್ನು ಕಲ್ಚರ್ ಮಾಡಿ ಬೆಳೆಸಲಾಗದು. ಆದ್ದರಿಂದ ಚೂರಿನ ಒಂದು ಭಾಗ ಸಲೈನ್‌ನಲ್ಲಿ ಬೇರೆಯಾಗಿ ಕ್ಷಯದ ಪರೀಕ್ಷೆಗೂ ಹೋಗಬೇಕು. ಒಂದೇ ಸಲ ಚುಚ್ಚಿಸಿಕೊಂಡು ಎರಡೂ ಪ್ರಶ್ನೆಗೆ ಉತ್ತರ ಪಡೆಯಬಹುದಾದಾಗ, ಫಾರ್ಮಲಿನ್ ಬಾಟಲಿಯೊಂದೇ ಕಂಡರೆ ರೋಗಿಯ ಮಗನೋ ಮಗಳೋ ವಿನಯದಿಂದಲೇ ಕೇಳಬಹುದು: “ಡಾಕ್ಟರ್ ಸಾಹೇಬ್ರ, ಟಿ.ಬಿ. ಟೆಸ್ಟಿಗೂ ಒಂದೀಟ ಕಳಸ್ತೀರೇನ್ರಿ?”

ಬೀಡಿಯ ಮಾತು ಬಿಟ್ಟು ಈ ಜಿಲ್ಲೆಯಲ್ಲಿ ಶ್ವಾಸಕೋಶದ ಮಾತು ಪೂರ್ತಿಯಾಗದು. 1981ರ ಬೆಳೆಗಾರರ ಚಳವಳಿಯಿಂದ ದೇಶಕ್ಕೆಲ್ಲ ಪರಿಚಯವಾದ ನಿಪ್ಪಾಣಿಯ ತಂಬಾಕು ಹೋಗುವುದು ಹೆಚ್ಚಾಗಿ ಬೀಡಿಗೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಬೀಡಿ ಸೇದುವ ವಯಸ್ಕರು ನೂರಕ್ಕೆ 7.7, ಸಿಗರೇಟು ಸೇದುವವರು ನಾಲ್ಕು. “ಸಿಗರೇಟ್ ಸೇದತೀರೇನು” ಎಂಬ ಪ್ರಶ್ನೆಗೆ “ಇಲ್ರಿ” ಎಂದು ಪ್ರಾಮಾಣಿಕವಾಗಿಯೇ ಉತ್ತರಿಸಿ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುವ ಅಜ್ಜನ ಅಪಾಯದ ಲೆಕ್ಕ ಅಲ್ಲಿಗೇ ತಪ್ಪಿಹೋಗುತ್ತದೆ. ಇನ್ನೊಂದು ಕಡೆ, ಬೀಡಿ ಮುಟ್ಟದ ಹೆಂಗಸರಲ್ಲೂ ಈ ಕ್ಯಾನ್ಸರ್ ಬರುತ್ತದೆ. ಭಾರತದಲ್ಲಿ ಅಂಥವರ ಪಾಲು ಸಣ್ಣದಲ್ಲ. ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆ ಉರಿಸುವ ಒಲೆಯ ಮುಂದೆ ಕಳೆದ ವರ್ಷಗಳನ್ನೂ ವೈದ್ಯರಿಗೆ ಹೇಳಬೇಕು. ಅಂಥ ಒಲೆಯ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಯಲ್ಲಿಟ್ಟಿದೆ.

ಹಾಗಾದರೆ ಬೀಡಿ ಸೇದುವ ಎಲ್ಲರಿಗೂ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿಬಿಡೋಣವೇ? ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗ 2011ರಲ್ಲಿ ತೋರಿಸಿದ್ದೇನೆಂದರೆ, ಹೆಚ್ಚು ಸೇದಿದವರಿಗೆ ಕಡಿಮೆ ವಿಕಿರಣದ ಸಿ.ಟಿ. ಮಾಡಿದರೆ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ. 20ರಷ್ಟು ತಗ್ಗುತ್ತದೆ. ಅದೇ ಪ್ರಯೋಗದಲ್ಲಿ, ಅನುಮಾನಾಸ್ಪದವೆಂದು ಎತ್ತಿಹಿಡಿದ ನೂರು ಸ್ಕ್ಯಾನ್‌ಗಳಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ. ಕ್ಷಯದ ಗುರುತು ಇಷ್ಟೊಂದು ಮಂದಿಯಲ್ಲಿರುವ ನಮ್ಮಲ್ಲಿ ಸುಳ್ಳು ಗಾಬರಿ ಇನ್ನೂ ಹೆಚ್ಚೀತು. ಭಾರತದಲ್ಲಿ ಇದಕ್ಕೆ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಇಲ್ಲ. 50 ದಾಟಿದ, ದಶಕಗಳಿಂದ ಸೇದಿದವರು ಎದೆರೋಗ ತಜ್ಞರೊಂದಿಗೆ ಕುಳಿತು ತಮ್ಮ ಮಟ್ಟಿಗೆ ನಿರ್ಧರಿಸಬಹುದು. ಬೀಡಿ ಬಿಡುವುದಕ್ಕೆ ಮಾತ್ರ ಯಾವ ಸ್ಕ್ಯಾನಿಗೂ ಕಾಯಬೇಕಿಲ್ಲ.

ಈ ಪ್ರದೇಶದ ಮನೆಮನೆಗಳಲ್ಲಿ ಈಗಾಗಲೇ ಇರುವ ಒಂದು ಸಂಪತ್ತಿನ ಕಡೆ ಗಮನ ಹೋಗಿಲ್ಲ. 2020–21ರ ಕೊರೊನಾ ದಿನಗಳಲ್ಲಿ ಜನ ಸಾಲುಗಟ್ಟಿ ಎದೆಯ ಎಚ್‌ಆರ್‌ಸಿಟಿ ಮಾಡಿಸಿದರು. ಸಿ.ಟಿ. ಸ್ಕೋರ್ ಎಷ್ಟು ಎಂಬುದು ಆಗ ಕಟ್ಟೆಯ ಮಾತಾಗಿತ್ತು. ಆ ಫಿಲ್ಮು, ಆ ಸಿ.ಡಿ. ಇನ್ನೂ ಇದ್ದರೆ ಎಸೆಯಬೇಡಿ. ಇಂದು ಕಂಡ ಗಂಟು ಅಂದೂ ಅಷ್ಟೇ ಇತ್ತೆಂದು ತಜ್ಞರಿಗೆ ಕಂಡರೆ, ಹೊಸ ಸ್ಕ್ಯಾನೂ ಬೇಡ, ಸೂಜಿಯೂ ಬೇಡವಾಗಬಹುದು. ಸಾಧ್ಯವಾದರೆ ಸಿ.ಡಿ. ಅಥವಾ ಪೆನ್‌ಡ್ರೈವಿನಲ್ಲಿ ಚಿತ್ರಗಳನ್ನು ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಫಿಲ್ಮಿನ ಫೋಟೊ ಹೊಡೆದು ಕಳಿಸಿದರೆ ಮಿಲಿಮೀಟರು ಅಳೆಯಲಾಗದು. ಎರಡನೆಯ ಸ್ಕ್ಯಾನಿಗೆ ಕಡಿಮೆ ವಿಕಿರಣದ್ದು ಸಾಕೇ ಎಂದೂ ಕೇಳಬಹುದು. ಅದರ ವಿಕಿರಣ ಸುಮಾರು 1.5 ಮಿಲಿಸೀವರ್ಟ್, ನೆಲ ಆಕಾಶಗಳಿಂದ ವರ್ಷಕ್ಕೆ ನಮಗೆ ಸಹಜವಾಗಿ ತಾಗುವುದಕ್ಕಿಂತ ಕಡಿಮೆ.

ಚಿಕಿತ್ಸೆಗೆ ದೂರ ಹೋಗಲೇಬೇಕೆಂಬ ಕಾಲ ಹಿಂದೆ ಸರಿಯುತ್ತಿದೆ. ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಿಮ್ಸ್ ಇದೆ. ಕೆ.ಎಲ್.ಇ. ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 2025ರ ಜನವರಿಯಲ್ಲಿ ಉದ್ಘಾಟಿಸಿದರು. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಹಾಗೂ ಸಂಶೋಧನಾ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯ ಬಗ್ಗೆ ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ ಆರೋಗ್ಯ ಇಲಾಖೆಗೆ ಒಂದು ಮನವಿ. ಕ್ಷಯ ಎಂದು ಗೊತ್ತಾದ ಕೂಡಲೇ ರೋಗಿಯ ಹೆಸರು ಸರ್ಕಾರದ ನಿಕ್ಷಯ್ ಪೋರ್ಟಲಿಗೆ ಸೇರುತ್ತದೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ, ಗುಳಿಗೆ ತಪ್ಪಿದರೆ ಆರೋಗ್ಯ ಕಾರ್ಯಕರ್ತರು ಮನೆಗೇ ಬರುತ್ತಾರೆ. ಅನುಮಾನದ ಗಂಟಿದ್ದವರಿಗೆ ಅಂಥ ಯಾವ ರಾಷ್ಟ್ರೀಯ ವ್ಯವಸ್ಥೆಯೂ ಇಲ್ಲ. “ಆರು ತಿಂಗಳಿಗೆ ಬನ್ನಿ” ಎಂದ ವೈದ್ಯರಿಗೆ ಅವರು ಬಂದರೋ ಇಲ್ಲವೋ ತಿಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ “ಅಪ್ಪಗ ಹೇಳಬ್ಯಾಡ್ರಿ” ಎಂದು ರೋಗಿಯಿಂದಲೇ ವಿಷಯ ಮುಚ್ಚಿಡುವುದರಿಂದ ತಾರೀಖು ನೆನಪಿಸುವವರೂ ಇರುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದೊಂದು ನೋಂದಣಿ ಪುಸ್ತಕ ಇಡಲು ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಹೆಸರು, ಫೋನ್ ನಂಬರು, ಗಂಟಿನ ಅಳತೆ, ಮುಂದಿನ ಸ್ಕ್ಯಾನಿನ ತಾರೀಖು ಬರೆದಿಟ್ಟು, ಆ ವಾರ ಒಂದು ಫೋನ್ ಮಾಡಿದರೆ ಸಾಕು. ಕ್ಷಯಕ್ಕೆಂದು ಊರೂರು ತಿರುಗುವ ಸಿಬ್ಬಂದಿಯ ಕೈಯಲ್ಲೇ ಈ ಪಟ್ಟಿಯನ್ನೂ ಕೊಡಬಹುದು. ಅಲ್ಲಿಯವರೆಗೆ, ರಿಪೋರ್ಟಿನಲ್ಲಿ ಬರೆದ ವಾಯಿದೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಹಳೆಯ ಫಿಲ್ಮು ಹೊಸ ಫಿಲ್ಮು ಎರಡನ್ನೂ ಹಿಡಿದು, ಆ ದಿನ ರೋಗಿಯನ್ನು ಕರೆದೊಯ್ಯುವ ಹೊಣೆ ಮನೆಯವರದೇ.